ಕಿಟ್ಟ

ಸಜಾದಲ್ಲಿ, ಟೈರಿನಂಗಡಿ ದಾಟಿದರೆ,
ಲಾರಿ ತೊಳೆಯುವವರ ಹಿಂದೆ ನಮ್ಮ ಶೆಡ್ಡು.
ಬೆಳಗಿನ ಆರಕ್ಕೇ ತಗಡು ಮುಟ್ಟಿದ ಬೆರಳು ಚುರ್ ಅನ್ನುತ್ತದೆ.
ಅಲ್ಲಿಗೆ ಮೌಝಾ ಮೇಡಂ ಕಾರಿನ ಡಿಕ್ಕಿ ತುಂಬ
ಖರ್ಜೂರದ ಬೀಜ ತಂದಳು, ನಾಲ್ಕು ಚೀಲ.
ಪಾಕ ತೆಗೆಯುವ ಕಾರ್ಖಾನೆಯವರು
ಒಂಟೆಗೆ ಹಾಕಿ ಮಿಕ್ಕದ್ದು ಸುರಿಯುತ್ತಾರಂತೆ.

"ಇದರಲ್ಲೊಂದು ಕುರ್ಚಿ ಆದೀತಾ?"

ನಾನು ನಕ್ಕೆ. ಗುಲ್‌ಜಮಾನ್ ನಗಲಿಲ್ಲ.
ಬೀಜವೊಂದನ್ನು ಕಬ್ಬಿಣದ ಮೇಲಿಟ್ಟು ಸುತ್ತಿಗೆ ಬೀಸಿದ.
ಅದು ಸಿಡಿದು ಹೋಗಿ ಕಿಟಕಿ ಗಾಜು ಸೀಳಿತು.
"ಗಟ್ಟಿ ಇದೆ," ಅಂದ.
ನಮ್ಮ ಮೊದಲ ಪರೀಕ್ಷೆ ಅದು.

ಗಿರಣಿಯ ಎರಡು ಹಲ್ಲು ಮುರಿದ ಮೇಲೆ ಪುಡಿಯಾಯಿತು,
ಕಾಫಿಯ ಬಣ್ಣ, ಸುಟ್ಟ ಹೋಳಿಗೆಯ ವಾಸನೆ.
ಕೂಡಿಸುವುದು ಹೇಗೆ?
ಎಪಾಕ್ಸಿ ಹಿಡಿಯಿತು, ಕಲ್ಲಿನ ಹಾಗೆ.
ಮೇಡಂ ತಟ್ಟಿ ನೋಡಿ, "ಇದು ಪ್ಲಾಸ್ಟಿಕ್ಕೇ,
ಬೀಜದ ವೇಷ ಹಾಕಿಕೊಂಡಿದೆ," ಅಂದಳು.
ಗಂಜಿ ಹಾಕಿದ್ದು ಎರಡೇ ದಿನಕ್ಕೆ ಮೆತ್ತಗಾಯಿತು.
ಸಮುದ್ರದ ನೀರು ಸಿಹಿ ಮಾಡುವಲ್ಲಿ ಉಳಿದ ಉಪ್ಪು ಬೆರೆಸಿದೆವು,
ರಾತ್ರೋರಾತ್ರಿ ಮೈಯೆಲ್ಲ ಬಿಳಿ ಬೂಸು.
ಹನ್ನೊಂದನೆಯದನ್ನು ವಾಸನೆಗೇ ಹೊರಗೆಸೆದೆವು.

ಶುಕ್ರವಾರ. ರೂಮಿನಲ್ಲಿ ಸಾರಿಗೆ ಹುಣಸೆ ಕಿವುಚುವಾಗ
ಅಂಗೈಗೆ ಒಂದು ಬೀಜ ಸಿಕ್ಕಿತು.
ಸ್ಟವ್ ಆರಿಸಿ ಹಾಗೇ ನಿಂತೆ.

ಕಿನ್ನಾಳದಲ್ಲಿ ನನ್ನ ಕೆಲಸ ಅದೇ ಇತ್ತು:
ಹುಣಸೆ ಬೀಜ ಹುರಿ, ನೆನೆಸು, ಸಿಪ್ಪೆ ಸುಲಿ, ಅರೆ.
ಆ ಸರಿಯನ್ನು ಅಪ್ಪ ಪೊಳಕಿ ಮರದ ಗೌರಿಗೆ ಮೆತ್ತಿ
ಮೂಗು ತಿದ್ದುತ್ತಿದ್ದ.
ಉಗುರಿನ ಸಂದಿಯಿಂದ ಆ ನಾತ ಹೋಗುತ್ತಿರಲಿಲ್ಲ,
ಶಾಲೆಯಲ್ಲಿ ಕೈ ಕಿಸೆಯಲ್ಲೇ ಇರುತ್ತಿತ್ತು.
ವೀಸಾದಲ್ಲಿ ನಾನು ಪೇಂಟರ್.
ಗೋಡೆ ಬಳಿಯುವವ.
ಹದಿನಾಲ್ಕು ವರ್ಷದಲ್ಲಿ ಯಾರೂ ಬೇರೆ ಕೇಳಿಲ್ಲ,
ನಾನೂ ಹೇಳಿಲ್ಲ.

ಇಪ್ಪತ್ತೆರಡನೆಯ ಹಲಗೆ ಹಿಡಿಯಿತು.
ಮೊಳೆ ಹೊಡೆದರೂ ಬಾಯಿ ಬಿಡಲಿಲ್ಲ.
ಮೌಝಾ ಉಗುರಲ್ಲಿ ಕೆರೆದಳು, ಕೆನ್ನೆಗೆ ಒತ್ತಿ ನೋಡಿದಳು,
ನಾಲಿಗೆ ತುದಿಗೂ ಮುಟ್ಟಿಸಿದಳು.
ಆಮೇಲೆ ಚೀಟಿ ತೆಗೆದು, "ಈ ಅಂಟಿಗೆ ಹೆಸರೇನು?"

"ಕಿಟ್ಟ."

ಬಲದಿಂದ ಎಡಕ್ಕೆ ಬರೆದುಕೊಂಡಳು. "ಅರ್ಥ?"

ಕಬ್ಬಿಣ ಕಾಸಿದಾಗ ಉಳಿಯುವ ಹೊಲಸಿಗೂ ಅದೇ ಮಾತು,
ಕೃಷ್ಣ ಅನ್ನೋ ಹುಡುಗನನ್ನು ಮುದ್ದಿಗೆ ಕರೆಯುವುದೂ ಹಾಗೇ.
ನನ್ನ ಹಿಂದಿಗೆ ಅಷ್ಟು ಉದ್ದ ಇಲ್ಲ.
"ಗೋಂದ್," ಅಂದೆ.

ಆಗಸ್ಟಿನ ಹಬೆಗೆ ಹಲಗೆಯ ಒಂದಂಚು ಉಬ್ಬಿದೆ,
ಇರುವೆ ಸಾಲು ಅದರ ವಿಳಾಸ ಕಂಡುಹಿಡಿದಿದೆ.
ಮೇಲೆ ಅರಗು ಕೊಡಬೇಕೇನೋ. ಕುರ್ಚಿ ಇನ್ನೂ ದೂರ.
ಆದರೆ ಗುಲ್‌ಜಮಾನ್ ಕೆಟ್ಟ:
ಮೀನಿನಂಗಡಿಯವರ ಹತ್ತಿರ ಹುರುಪೆ ಬೇಡುತ್ತಾನೆ,
ಸುಲೈಮಾನಿ ಚಹಾದ ಚರಟ ಬಿಸಿಲಿಗೆ ಹರವುತ್ತಾನೆ.
ನಿನ್ನೆ ಕಲ್ಲಂಗಡಿ ತಿನ್ನುತ್ತ ಇಬ್ಬರೂ
ಒಂದೂ ಬೀಜ ಉಗಿಯಲಿಲ್ಲ.