ಉಲ್ಟಾ

ಡಂಡೀ. ರಾಳದ ಹೊಗೆ ಹೋಗಲೆಂದು ತೆರೆದ ಕಿಟಕಿಯಲ್ಲಿ
ಟೇ ನದಿಯ ಚಳಿಯಷ್ಟೇ ಒಳಗೆ ಬರುತ್ತಿದೆ.
ಅಡುಗೆ ಮೇಜಿನ ಮೇಲೆ ಹೊಟ್ಟೆ ಬಿಚ್ಚಿ ಮಲಗಿದೆ
ರಬ್ಬರ್ ಗುಂಡಿಗಳ ಹಳೇ ಕಂಪ್ಯೂಟರು,
ನನಗಿಂತ ಎರಡೇ ವರ್ಷ ಚಿಕ್ಕದು.

ಹನ್ನೆರಡು ವೋಲ್ಟ್ ಇರಬೇಕಾದಲ್ಲಿ ಐದೂ ಇಲ್ಲ.
ಟೀವಿ ತುಂಬ ಬಣ್ಣ ಬಿಟ್ಟ ಪಟಾಪಟಿ ಚಡ್ಡಿ.
ಮೂರು ರಾತ್ರಿ ಮೀಟರಿನ ಮೊನೆ ಹಿಡಿದು ನಾಡಿ ನೋಡಿದೆ.
ಚಿಪ್ಪುಗಳ ಮೇಲೆ ಬೆರಳಿಟ್ಟು
ಜ್ವರ ಯಾವುದಕ್ಕೆಂದು ಹುಡುಕಿದೆ.
ಟ್ರಾನ್ಸಿಸ್ಟರ್ ಬದಲಿಸಿದೆ.
ಉಬ್ಬಿದ ಕೆಪಾಸಿಟರ್ ಕಿತ್ತು ಹೊಸದಿಟ್ಟೆ,
ಬೋರ್ಡಿನ ಮೇಲೆ ಅಚ್ಚಾದ ಪ್ಲಸ್ಸಿಗೆ ಪ್ಲಸ್ಸು, ಶ್ರದ್ಧೆಯಿಂದ.

ಟಪ್.
ಕೋಣೆಯೆಲ್ಲ ಮೀನಿನ ವಾಸನೆ.

'ಏನು ಸುಟ್ಟೆ?' ಕೆಳಮನೆಯ ಸೆಂಗಾ ಪೆಟ್ರಿ ಮೆಟ್ಟಿಲೇರಿ ಬಂದರು.
ಎಪ್ಪತ್ತೊಂದು ವಯಸ್ಸು. ಕನ್ನಡಕ ಹಣೆಗೇರಿಸಿ
ಬೋರ್ಡನ್ನು ಮೂಗಿನ ಹತ್ತಿರ ಹಿಡಿದು ತಿರುಗಿಸಿದರು.
'ಅಚ್ಚೇ ತಪ್ಪು, ಮಾರಾಯ.
ಅಷ್ಟು ಸಾವಿರ ಬೋರ್ಡು ಎಸೆಯೋದುಂಟೇ?
ನಮ್ಮ ಹೆಂಗಸರ ಸಾಲಿಗೆ ಬಂದು ಹೇಳಿದರು, ಉಲ್ಟಾ ಹಾಕಿ.
ಹಾಕಿದೆವು. ಯಾರೂ ಬರೆದಿಡಲಿಲ್ಲ.'

ತಮ್ಮ ಹೆಸರೂ ಹಾಗೇ ಅಂತ ನಕ್ಕರು:
ಮನೆಯಲ್ಲಿ ಆಗಲೇ ಇಬ್ಬರು ಆಗ್ನೆಸ್ ಇದ್ದರಂತೆ;
ಮೂರನೆಯವಳನ್ನು ಅಪ್ಪ
ಇಂಗ್ಲಿಷಿನಲ್ಲಿ ಹಿಂದಿನಿಂದ ಬರೆದು ಸೆಂಗಾ ಮಾಡಿದ.

ಬೆಸುಗೆ ಕಡ್ಡಿ ಕೇಳಿದರು. ಕೊಟ್ಟೆ.
ಕೈ ನಡುಗುತ್ತಿತ್ತು, ತುದಿ ತಾಮ್ರಕ್ಕೆ ತಾಗುವವರೆಗೆ.
ತಾಗಿದ ಮೇಲೆ ಇಲ್ಲ.
ಉಸಿರು ಬಿಡುವಷ್ಟರಲ್ಲಿ
ಹನಿಯೊಂದು ಕರಗಿ, ಹೊಳೆದು, ಕೂತಿತು.

ಟೀವಿ ಬೆಳ್ಳಗಾಗಿ, ಅಡಿಯಲ್ಲೊಂದು ಸಾಲು ಮೂಡಿದ್ದನ್ನು
ನೋಡಿದವನು ನಾನೊಬ್ಬನೇ.
ಅವರಿನ್ನೂ ಪಕ್ಕದ ಬೆಸುಗೆಯನ್ನೇ ನೋಡುತ್ತಿದ್ದರು,
'ಥೂ, ಇದು ಯಾರದೋ ಸೋಮವಾರದ ಕೆಲಸ' ಅಂತ
ಗೊಣಗುತ್ತ.