ಖಾರೆಂ

ತೂಬಿನ ಹಲಗೆ ಸಡಿಲಿ ಮೂರು ಹುಣ್ಣಿಮೆ.
ಭರತದ ನೀರು ಬದುವಿನಡಿ ನುಸುಳಿ
ಚೊಡಣದ ಈ ಮಡಿಗಳ ಮೇಲೆ
ಬೆಳ್ಳನೆ ಹೆಪ್ಪುಗಟ್ಟಿದೆ.

ಮೆಂತ್ಯ ಮೂಡಲೇ ಇಲ್ಲ.
ಹರಿವೆ ಎದ್ದಿತು, ಗೇಣಾಗುವ ಮೊದಲೇ
ಎಲೆಯಂಚು ಬೀಡಿಯ ತುದಿ.
ಪಾಲಕ್ ಒಂದೇ, ಮೊಂಡು,
ಗಿಡ್ಡಾಗಿ, ದಪ್ಪಗಾಗಿ ನಿಂತಿದೆ.
ಹೋದ ವರ್ಷ ನಲವತ್ತು ಕಟ್ಟು;
ಈಗ ಹದಿನೇಳು,
ಅದೂ ದಾರ ಸಡಿಲ ಬಿಟ್ಟರೆ.

ಬಾವಿನೀರನ್ನು ನಾಲಿಗೆಗಿಟ್ಟು
'ಖಾರೆಂ' ಅಂದಳು ಪಿಯೆದಾದ್ ಬಾಯಿ.
ಗದಗಿನವಳು ನಾನು,
ಮೊದಲು ಮೆಣಸಿನಕಾಯಿ ಅಂದುಕೊಂಡಿದ್ದೆ.

ಉಪ್ಪು ತಿಂದವರು ನೀರು ಕುಡಿಯಬೇಕಂತೆ.
ತಿಂದದ್ದು ಮಣ್ಣು.
ಗುಡ್ಡದ ಝರಿಯಿಂದ ಕೊಡ ಹೊತ್ತು
ಕುಡಿಸುವವಳು ನಾನು,
ಅರವತ್ತರ ಮೇಲೆ ಎಣಿಕೆ ತಪ್ಪಿದೆ.

ಬಗ್ಗುವ ಮುಂಚೆ
ಹಣೆ ಒರೆಸಿಕೊಳ್ಳುತ್ತೇನೆ ಸೆರಗಿಗೆ:
ಇನ್ನೊಂದು ಹನಿ
ಇಲ್ಲಿ ಬೀಳಬಾರದು.