ಚಿಲಕಕ್ಕ ಎರಡು ಬೆರಳು

ಬಾಗಿಲ ಚೌಕಟ್ಟಿಗೆ ಪೆನ್ಸಿಲ್ ಗೆರಿ ಅದಾವು,
ಯುಗಾದಿಗೊಂದು, ದೀಪಾವಳಿಗೊಂದು.
ಬಾಜೂಮನಿ ರೇಣವ್ವ ನೋಡಿ ಹಿಗ್ಗತಾಳ:
"ಎಷ್ಟ ಬೆಳದಾನವಾ ನಿನ್ನ ಮಗ!"
ಬೆಳದಾನ, ಅಂತೀನಿ.
ಕೈ ಎತ್ತು ಅಂದ್ರ ಎತ್ತಾಂವಲ್ಲ ಅವ.
ಜರಿದಾರದ ತುಂಡೊಂದು ಬಿಸಲಿಗೆ ಹಿಡೀತೀನಿ,
ಹೊಳಿಯೂದಕ್ಕ ಕೈ ಚಾಚತಾನ,
ಮೋಸ ಮಾಡಿ ಬೆರಳ ತುದಿಗೆ ಗೆರಿ ಎಳೀತೀನಿ.
ಅಲ್ಲಿಂದ ಮ್ಯಾಲಿನ ಚಿಲಕದ ತನಕ
ಹೋದ ದೀಪಾವಳಿಗೆ ಆರು ಬೆರಳು.
ಈ ಯುಗಾದಿಗೆ ಎರಡು.

ಹೆಸರು ಫಕೀರೇಶ. ಹರಕಿ ಹೊತ್ತು ಹಡದ ಕೂಸು.
"ಫಕೀರನ ಹೆಸರಿಟ್ಟು ಮನ್ಯಾಗಿರು ಅಂದ್ರ ಇರತೈತೇನ?"
ಅಂತಾಳ ಅತ್ತಿ, ಎಲಿ ಅಡಿಕಿ ಕುಟಗೋತ.
ನಗಬೇಕೋ ಅಳಬೇಕೋ ತಿಳೀದ ಹಿಟ್ಟು ನಾದತೀನಿ.

ಬೆಟಗೇರಿ ಓಣ್ಯಾಗ ಹುಟ್ಟಿದಾಂವಗ
ಮಗ್ಗದ ಸಪ್ಪಳ ಅಂದ್ರ ಜೋಗುಳ.
ಲಟಕ್ಕು ಪಟಕ್ಕು ನಡದಿರೂತನಕ ನಿದ್ದಿ,
ನಿಂತಿತೋ, ಕಣ್ಣು ಬಿಡತಾನ.
ಐದು ವರ್ಷದ ಹಿಂದ, ಒಂದು ಮಂಗಳವಾರ
ಮಧ್ಯಾಹ್ನ ಕರೆಂಟ್ ಹೋತು.
ಇಡೀ ಓಣಿ ಒಮ್ಮೆಲೆ ಮೂಕಾತು.
ನಾ ಹಿತ್ತಲದಾಗ ಅರಬಿ ಹಿಂಡಾಕತ್ತಿದ್ದೆ.
ಹಿಂಡಿದ್ದು ಒಂದೇ ಒಂದು ಅಂಗಿ.

ಮಂದಿ ಎಲ್ಲಾ ಹೆಸರು ಹಿಡದು ಒದರಿದ್ರು.
ಹೆಸರಿಗೆ ಓ ಅನ್ನೂ ಹುಡುಗಲ್ಲ ಅಂತ
ಯಾರಿಗೆ ಹೇಳಲಿ, ಓಡಾಕತ್ತಿದ್ದೆ.
ಅವರಪ್ಪ ಬಾವ್ಯಾಗ ಬ್ಯಾಟರಿ ಬಿಟ್ಟು ನೋಡಿದ,
ನೀರಾಗ ತನ್ನ ಮಾರೀನ ಕಂಡು ಚೀರಿದ.
ನಾ ಕೆರಿ ದಂಡಿಗೆ, ಹಳಿ ದಂಡಿಗೆ.
ಗೂಡ್ಸ್ ಗಾಡಿ ದಾಟೂತನಕ ಕಣ್ಣು ಮುಚ್ಚಿ ನಿಂತೆ,
ಸಪ್ಪಳದಾಗ ಡಬ್ಬಿ ಎಣಿಸಿದೆ, ನಾಲ್ವತ್ತೆರಡು.

ಎರಡು ತಾಸಿನ ಮ್ಯಾಲ ಸಿಕ್ಕ,
ಹಳಿ ಆಚೆ, ಡೀಸೆಲ್ ಇಂಜಿನ್ನಿನ ಹಿಟ್ಟಿನ ಗಿರಣ್ಯಾಗ.
ಜ್ವಾಳದ ಚೀಲಕ್ಕ ಕೆನ್ನಿ ಹಚ್ಚಿ ಕುಂತಿದ್ದ,
ಮೈಯೆಲ್ಲಾ ಬಿಳೀ ಹಿಟ್ಟು, ಮಾರಿ ತುಂಬ ಸಮಾಧಾನ.
"ಯಾರೋ ಬೀಸಾಕ ಬಂದವರ ಕೂಸು ಅಂದ್ಕೊಂಡೆ,"
ಅಂದ ಗಿರಣಿ ದಾವಲಸಾಬ.
ಸಪ್ಪಳ ಹುಡಿಕ್ಕೊಂಡು ಹೋಗಿದ್ದ ನನ್ನ ಮಗ.
ಓಡಿ ಹೋಗಿದ್ದಿಲ್ಲ.

ಆಮ್ಯಾಲೆ ಬಡಗೇರ ಮಾನಪ್ಪ ಬಂದು
ಬಾಗಿಲ ತುದಿಗೆ ಮತ್ತೊಂದು ಚಿಲಕ ಹೊಡದ,
ರೊಕ್ಕ ಇಸ್ಕೊಳ್ಳಲಿಲ್ಲ.
ಅತ್ತಿಗೂ ಎಟಕೂದಿಲ್ಲದು.
"ಮೊಮ್ಮಗನ ಜೋಡಿ ನನಗೂ ಜೇಲು" ಅಂತಾಳ.
ಅವರಪ್ಪ ಕೈಮಗ್ಗದ ಮ್ಯಾಲ ಅಂಗಿ ಅರಬಿ ನೇದು
ಅಂಚಿನಾಗ ಹೂವಿನ ಬದಲಿ ನನ್ನ ಫೋನ್ ನಂಬರ್ ಕೂಡಿಸಿದ.
ಕೊಳ್ಳಾಗ ಬಿಲ್ಲೆ ಹಾಕಿದ್ರ ಹರದು ಒಗೀತಿದ್ದ,
ಇದನ್ನ ಬೆರಳಿಲೆ ತಿಕ್ಕಿ ತಿಕ್ಕಿ ನೋಡತಾನ.
ಹತ್ತು ಅಂಕಿ. ನಾ ಸಾಯೂತನಕ ಸಿಮ್ ಬದಲಿಸೂಹಂಗಿಲ್ಲ.
ಸತ್ತ ಮ್ಯಾಲೂ ಯಾರರೇ ಎತ್ತಬೇಕು.

ಮೂರನೇ ಚಿಲಕಕ್ಕ ಬಾಗಿಲಾಗ ಜಾಗ ಇಲ್ಲ.
ಅದಕ್ಕ ಈಗ ದಿನಾ ಸಂಜಿಕೆ ನಾನ ಬಾಗಿಲಾ ತಗೀತೀನಿ,
ಅವನ ಕೈ ಹಿಡದು ಮನಿ ಮನಿಗೆ ಹೋಗತೀನಿ:
ಇವನ ಮಾರಿ ನೋಡಿ ಇಟ್ಕೋರಿ.
ಒಬ್ಬನ ಕಂಡ್ರ ಒದರಬ್ಯಾಡ್ರಿ, ಹಿಂದಿಂದ ಹಿಡೀಬ್ಯಾಡ್ರಿ.
ನಾಲಿಗಿಲೆ ಮಗ್ಗ ಹೊಡೀರಿ, ಲಟಕ್ಕು ಪಟಕ್ಕು,
ನಿಲ್ಲತಾನ. ಅಷ್ಟರಾಗ ನನಗ ಹೇಳಿ ಕಳಸ್ರಿ.
ಕೆಲವರು ಬಾಗಿಲಾ ಅರ್ಧ ತಗದು ಹೂಂ ಅಂದ್ರು.
ಒಬ್ಬಾಕಿ, ಕಟ್ಟಿ ಹಾಕಬಾರದೇನ, ಅಂದ್ಲು.

ನಿನ್ನಿ ರಾತ್ರಿ ಮತ್ತ ಕರೆಂಟ್ ಹೋತು.
ಅವ ಬಾಗಿಲ ಮುಂದ ನಿಂತಿದ್ದ, ಮಾರಿ ಮ್ಯಾಲ ಮಾಡಿ.
ಬಾಯಿ ಒಣಗೂತನಕ ನಾಲಿಗಿಲೆ ನೇದೆ ನಾನು.
ಆಗ ಹೊರಗ, ಕತ್ತಲಾಗ, ಯಾವುದೋ ಹುಡುಗ,
ರೇಣವ್ವನ ಮೊಮ್ಮಗನೋ ಯಾರೋ,
ಲಟಕ್ಕು, ಪಟಕ್ಕು, ತಾಳ ತಪ್ಪಿಸಿ.
ಫಕೀರೇಶ ಕೈ ಎತ್ತಿದ.
ನನ್ನ ಎದಿ ನಿಂತಿತು.
ಚಿಲಕಕ್ಕಲ್ಲ. ಅಂಗೈಲೆ ಬಾಗಿಲಾ ಬಡದ,
ಒಂದು, ಎರಡು, ಸರಿ ತಾಳ ತೋರಿಸಿದ.
ಹೊರಗಿನ ಹುಡುಗ ತಿದ್ದಿಕೊಂಡ.